ಸೋತವರ ಪಾಳಿ

ಜೋಗೇಶ್ವರಿ ಸ್ಟೇಶನ್ನಿನ ಪೂರ್ವಕ್ಕೆ, ಸಣ್ಣ ಕಾರಖಾನೆಗಳ ಶೆಡ್ಡುಗಳನ್ನು ದಾಟಿದರೆ ಸಿಗುವ ಚಾಳಿನ ಮೊದಲ ಮಾಳಿಗೆಯಲ್ಲಿ ಚಂದ್ರಾಮನ ಸಂಸಾರವಿತ್ತು. ಒಂದೇ ಖೋಲಿ. ಅದನ್ನು ಮಾಡಿದ್ದು ಚಂದ್ರಾಮನಲ್ಲ, ಅವನ ತಾಯಿ ಹನುಮವ್ವ. ಗಂಡ ಸತ್ತ ವರ್ಷ ಇಂಡಿ ತಾಲೂಕಿನ ಹಳ್ಳಿ ಬಿಟ್ಟು, ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಬಂದವಳು ಮುಂಬಯಿಯಲ್ಲಿ ಏಳುತ್ತಿದ್ದ ಬಿಲ್ಡಿಂಗುಗಳಿಗೆ ಖಡಿ, ಉಸುಕು ಹೊತ್ತಳು. ನೆತ್ತಿಯ ಕೂದಲು ಬುಟ್ಟಿಯಡಿಯ ಸಿಂಬಿಗೆ ಸವೆದು ಹೋಗಿ ಅಲ್ಲಿ ಬರೀ ಚರ್ಮ ಉಳಿದಿತ್ತು. ಆ ಬುಟ್ಟಿಯ ದುಡಿಮೆಯಲ್ಲೇ ಖೋಲಿ ಆಯಿತು, ಮಗನ ಮದುವೆ ಆಯಿತು, ಮೊಮ್ಮಕ್ಕಳ ಬಾಣಂತನವೂ ಆಯಿತು.

ಹೋದ ಚಳಿಗಾಲದಲ್ಲಿ ಲೋಕಲ್ಲಿನಿಂದ ಇಳಿಯುವಾಗ ಹಿಂದಿನವರು ನೂಕಿದ್ದಕ್ಕೆ ಪ್ಲಾಟ್‌ಫಾರ್ಮಿನ ಮೇಲೆ ಬಿದ್ದು ಅವಳ ತೊಡೆಯ ಎಲುಬು ಮುರಿಯಿತು. ದವಾಖಾನೆಯವರು ಕೂಡಿಸಿದರು. ಕೂಡಿತು, ಆದರೆ ಸೊಟ್ಟ ಕೂಡಿತು. ಈಗ ಯಾರದಾದರೂ ಹೆಗಲ ಮೇಲೆ ಭಾರ ಹಾಕಿದರೆ ಮಾತ್ರ ನಡೆಯುತ್ತಿದ್ದಳು. ಸಂಡಾಸು ಇರುವುದು ಗ್ಯಾಲರಿಯ ಆ ತುದಿಗೆ, ಚಾಳಿನವರಿಗೆಲ್ಲ ಸೇರಿ. ಖೋಲಿಯ ಮೋರಿಯಲ್ಲೇ ಕೂಡುವ ಮಾತನ್ನು ಹನುಮವ್ವ ಒಮ್ಮೆ ಎತ್ತಿದ್ದಳು.

"ಕುಡಿಯೋ ನೀರಿನ ಕೊಡ ಅಲ್ಲೇ ಅದಾವ, ಮುಸುರಿ ಭಾಂಡಿ ಅಲ್ಲೇ ತೊಳೀತೀನಿ. ಅಲ್ಲಿ ಕೂಡ್ತಾಳಂತ," ಎಂದು ಸೊಸೆ ದೇವಕ್ಕ ಒಲೆಯ ಕಡೆಗೇ ಮುಖ ಮಾಡಿ ಹೇಳಿದಳು. "ಇನ್ನೊಂದು ಹೇಳಿರ್ತೀನಿ. ಹಾಸಿಗಿ ಹಸಿ ಆದ ದಿನ ಊರಿಗೆ ಬಿಟ್ಟು ಬರೋದು. ದಾನಪ್ಪನ ದನದ ಕೊಟಿಗ್ಯಾಗ ಜಾಗಾ ಐತಂತ. ದನ ಅಂತೂ ಏನೂ ಅನ್ನೂದಿಲ್ಲ."

ದಾನಪ್ಪ ಹನುಮವ್ವನ ಮೈದುನನ ಮಗ. ಅವನ ಕೊಟ್ಟಿಗೆ ಹೇಗಿದೆಯೆಂದು ಅವಳಿಗೆ ಗೊತ್ತಿತ್ತು. ಅವಳ ಅತ್ತೆ ಸತ್ತದ್ದು ಅಲ್ಲಿಯೇ. ಸತ್ತದ್ದು ಮನೆಯವರಿಗೆ ತಿಳಿದದ್ದು ಹಾಲು ಕರೆಯಲು ಹೋದಾಗ.

ಹೀಗಾಗಿ ಹನುಮವ್ವನಿಗೆ ದಿನಕ್ಕೆ ನಾಲ್ಕಾರು ಸಲ ಒಂದು ಹೆಗಲು ಬೇಕಿತ್ತು. ಅಷ್ಟೇ ಬೇಕಿತ್ತು. ದೇವಕ್ಕ ಮನೆಯಲ್ಲೇ ಕೂತು ರಟ್ಟಿಗೆ ಹೇರ್‌ಪಿನ್ನು ಸಿಕ್ಕಿಸುವ ಕೆಲಸ ಮಾಡುತ್ತಿದ್ದಳು. ಹೊತ್ತು ಏರಿದ ಮೇಲೆ ಒಮ್ಮೆ, ಬೈದುಕೊಂಡು, ಅವಳೇ ಕರೆದುಕೊಂಡು ಹೋಗುತ್ತಿದ್ದಳು. ಬೆಳಿಗ್ಗೆ, ಸಂಜೆಯದು ಮೊಮ್ಮಕ್ಕಳ ಪಾಲು. ದೊಡ್ಡವಳು ಚಂಪಾ ಕಾಲೇಜಿಗೆ ಕಾಲಿಟ್ಟಿದ್ದಳು. ಸಣ್ಣವನು ಸಾಯಬಣ್ಣ ಒಂಬತ್ತನೆಯ ಇಯತ್ತೆ.

ಸಾಯಬಣ್ಣ ಎಂಬುದು ಸತ್ತ ಅಜ್ಜನ ಹೆಸರು. ಗಂಡನ ಹೆಸರನ್ನು ಬಾಯಿಂದ ಆಡಬಾರದೆಂದು ಹನುಮವ್ವ ಮೊಮ್ಮಗನನ್ನು ಹುಟ್ಟಿದಂದಿನಿಂದ 'ಹಿರ್ಯಾ' ಎಂದೇ ಕರೆಯುತ್ತಿದ್ದಳು. ರೇಶನ್ ಅಂಗಡಿಯಲ್ಲಿ ಹೆಸರು ಕೇಳಿದರೂ ಪಕ್ಕದವರ ಕಡೆ ಕೈ ತೋರಿಸಿ ಅವರಿಂದ ಹೇಳಿಸುತ್ತಿದ್ದಳು.

ಮಳೆ ಹಿಡಿದ ವಾರ ಚಂದ್ರಾಮ ಶೆಡ್ಡಿನಿಂದ ಬರುವಾಗ ಪ್ಲಾಸ್ಟಿಕ್ ಚೀಲವೊಂದನ್ನು ಅಂಗಿಯೊಳಗೆ ಇಟ್ಟುಕೊಂಡು ಬಂದ. ಅವನು ಲೇತ್ ನಡೆಸುವ ಶೆಡ್ಡಿನ ಸೇಠನ ಮಗನಿಗೆ ಹೊಸ ವಿಡಿಯೋ ಗೇಮು ಬಂದಿತ್ತು. ಹಳೆಯದನ್ನು ಇವನಿಗೆ ಕೊಟ್ಟಿದ್ದರು.

"ಎಷ್ಟು ಕೊಟ್ಟಿ?" ದೇವಕ್ಕನ ಮೊದಲ ಮಾತು.

"ಪುಕ್ಕಟೆ. ಒಯ್ಯಿ ಅಂದ್ರು, ತಂದೆ."

"ಪುಕ್ಕಟೆ ಕೊಟ್ರಂದ್ರ ಕೆಟ್ಟಿರ್ತೈತಿ."

ಕೆಟ್ಟಿರಲಿಲ್ಲ. ಸಾಯಬಣ್ಣ ಅದರ ವಾಯರನ್ನು ಕಪ್ಪು-ಬಿಳಿ ಟೀವಿಯ ಹಿಂದೆ ಸಿಕ್ಕಿಸಿ, ಕ್ಯಾಸೆಟ್ಟಿಗೆ ಊದಿ ಒಳಗೆ ಒತ್ತಿದ. ಪರದೆಯ ಮೇಲೆ ಒಂದು ರಸ್ತೆ ಬಂತು. ರಸ್ತೆಯಲ್ಲಿ ಮೋಟಾರುಗಳು ಬಿಡುವಿಲ್ಲದೆ ಓಡುತ್ತಿದ್ದವು. ಕೆಳಗೆ ಒಂದು ಕಪ್ಪೆ. ಮೋಟಾರಿಗೆ ಸಿಗದ ಹಾಗೆ ಕಪ್ಪೆಯನ್ನು ಆಚೆ ದಾಟಿಸಬೇಕು, ಪಕ್ಕದಲ್ಲಿ ಕರಗುತ್ತ ಹೋಗುವ ಪಟ್ಟಿ ಮುಗಿಯುವುದರೊಳಗೆ. ಹೆಚ್ಚು ಕಪ್ಪೆ ದಾಟಿಸಿದವರು ಗೆದ್ದರು. ಬೇರೆ ಆಟಗಳೂ ಇದ್ದವು, ವಿಮಾನದ್ದು, ಚೆಂಡಿನದ್ದು. ಆದರೆ ಈ ಮನೆಯವರಿಗೆ ಹಿಡಿದದ್ದು ಕಪ್ಪೆಯೇ. ಎರಡು ದಿನದಲ್ಲಿ ಚಂದ್ರಾಮನೂ ಕೂತ. ನಾಲ್ಕನೆಯ ದಿನ ದೇವಕ್ಕನೂ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು, "ಕೊಡ್ರಿಲ್ಲೆ, ಬರೀ ನೀವ ಆಡ್ತೀರೇನು," ಎಂದು ಆಟದ ರಿಮೋಟ್ ಕಸಿದುಕೊಂಡಳು.

ಜಗಳ ಬಂದದ್ದು ಒಂದು ಸಂಜೆ, ಊಟಕ್ಕೆ ಮೊದಲು.

"ಹಿರ್ಯಾ, ಚಂಪಾ, ಯಾರಾದ್ರೂ ಬರ್ರಿ," ಎಂದು ಹನುಮವ್ವ ಮೂಲೆಯಿಂದ ಕರೆದಳು.

"ನಿನ್ನೆ ನಾ ಹೋಗೀನಿ, ಆಜ್ ಇಸ್ಕಾ ಟರ್ನ್ ಹೈ," ಚಂಪಾ ಟೀವಿಯಿಂದ ಕಣ್ಣು ಕೀಳಲಿಲ್ಲ.

"ಝೂಟ್. ಮುಂಜಾನಿ ನಾ ಕರಕೊಂಡು ಹೋಗಿಲ್ಲೇನು?"

"ಮುಂಜಾನಿದು ಬ್ಯಾರೆ, ಸಂಜೀದು ಬ್ಯಾರೆ."

"ಆಯಿ ಒಬ್ಬಾಕಿನ ಅದಾಳಲ್ಲ, ಬ್ಯಾರೆ ಹೆಂಗಾಗ್ತೈತಿ?"

ಇಡೀ ದಿನ ಲೇತಿನ ಸದ್ದು ಕೇಳಿ ಬಂದ ಚಂದ್ರಾಮನಿಗೆ ತಲೆ ಸಿಡಿಯುತ್ತಿತ್ತು. "ಬಾಯಿ ಮುಚ್ಚರಿ ಇಬ್ರೂ. ಒಂದ್ ಆಟ ಆಡ್ರಿ. ಸೋತವರು ಕರಕೊಂಡು ಹೋಗ್ರಿ. ನ್ಯಾಯ ಮುಗೀತು."

ಇಬ್ಬರೂ ನಕ್ಕರು. ದೇವಕ್ಕನೂ ನಕ್ಕಳು. ಹನುಮವ್ವನಿಗೂ, ಜಗಳ ನಿಂತಿತಲ್ಲ ಎಂದು, ಸ್ವಲ್ಪ ನಗು ಬಂತು. ಆಟ ಮುಗಿಯುವವರೆಗೆ ಅವಳು ಗೋಡೆ ಹಿಡಿದು ಕೂತಿದ್ದಳು. ಸಾಯಬಣ್ಣ ಸೋತ. ಗೊಣಗದೆ ಎದ್ದು ಬಂದು ಹೆಗಲು ಕೊಟ್ಟ.

ಅಂದಿನಿಂದ ಅದೇ ನೇಮವಾಯಿತು. ಮನೆಯಲ್ಲಿ ಜಗಳ ಕಡಿಮೆಯಾಯಿತೆಂದು ಚಂದ್ರಾಮ ಶೆಡ್ಡಿನಲ್ಲಿ ಹೇಳಿಕೊಂಡ. ದೇವಕ್ಕ ಮೊದಲು, "ಮುದುಕೀನ್ನ ಪಣಕ್ಕಿಟ್ಟು ಆಡ್ತೀರೇನ್ರೋ," ಎಂದು ಒಂದು ಮಾತು ಅಂದಿದ್ದಳು. ಆಮೇಲೆ ಅವಳ ಮಧ್ಯಾಹ್ನದ ಪಾಳಿಯೂ ಆಟಕ್ಕೆ ಬಿತ್ತು. ಚಂಪಾ ಕಾಲೇಜಿನಿಂದ ಬಂದ ಕೂಡಲೆ ತಾಯಿ ಮಗಳು ಕೂತು ಒಂದು ಆಟ ಆಡುವರು. ಚಂಪಾ ಬರುವುದು ತಡವಾದರೆ ಆಟವೂ ತಡ. ಅಲ್ಲಿಯವರೆಗೆ ಹನುಮವ್ವ ಕಾಯಬೇಕು.

ಆಟಗಳು ದಿನದಿನಕ್ಕೆ ಉದ್ದವಾದವು, ಯಾಕೆಂದರೆ ಎಲ್ಲರ ಕೈಯೂ ಪಳಗುತ್ತ ಬಂದಿತ್ತು. ಮೊದಮೊದಲು ಕಪ್ಪೆ ಬೇಗ ಸಾಯುತ್ತಿತ್ತು. ಈಗ ಸಾಯುತ್ತಲೇ ಇರಲಿಲ್ಲ. ಹನುಮವ್ವ ಮೂಲೆಯಲ್ಲಿ ಮೊಣಕಾಲು ಒತ್ತಿ ಹಿಡಿದು ಪರದೆಯನ್ನೇ ನೋಡುವಳು. ಕಪ್ಪೆ ಸಾಯಲಿ ಎಂದು ಕಾಯುತ್ತಿದ್ದವಳು ಮನೆಯಲ್ಲಿ ಅವಳೊಬ್ಬಳೇ.

"ಆತೇನು?"

"ತಡಿ ಆಯಿ, ಲಾಸ್ಟ್ ಲೈಫ್ ಐತಿ."

"ಎಷ್ಟೊತ್ತವ್ವಾ?"

"ಕೇಳಬ್ಯಾಡ, ಕೇಳಿದ್ರ ಔಟ್ ಆಗ್ತೈತಿ."

ಅವಳು ಕೇಳುವುದನ್ನು ಬಿಟ್ಟಳು. ಆಮೇಲೆ ಸಂಜೆಯ ಚಹಾ ಬಿಟ್ಟಳು. ಆಮೇಲೆ ಬೆಳಗಿನದು. "ಚಹಾ ಯಾಕ ಬ್ಯಾಡ?" ಎಂದು ಕೇಳಿದ ಚಂದ್ರಾಮನಿಗೆ, "ಎದಿ ಉರೀತೈತಪ್ಪ," ಎಂದಳು. ಬೇಳೆ ಸಾರು ತಟ್ಟೆಗೆ ಬಿದ್ದರೆ ರೊಟ್ಟಿಯ ತುಣುಕಿನಿಂದ ಬದಿಗೆ ಸರಿಸಿ, ಒಣ ರೊಟ್ಟಿಗೆ ಹಿಂಡಿ ಖಾರ ಹಚ್ಚಿಕೊಂಡು ಅಗಿದಳು. ಗಂಟಲಲ್ಲಿ ಸಿಕ್ಕರೆ ಒಂದು ಗುಟುಕು ನೀರು. ಬೇಡವೆಂದ ಚಹಾದ ಹಾಲು ಉಳಿಯಿತೆಂದು ದೇವಕ್ಕ ಹೆಪ್ಪು ಹಾಕಿದಳು. ಮಕ್ಕಳಿಗೆ ಮೊಸರು ಸಿಕ್ಕಿತು.

ಒಂದು ವಾರ ಸಾಯಬಣ್ಣನಿಗೆ ಸೋಲಿನ ಮೇಲೆ ಸೋಲು. ಚಂಪಾ ಹಂಗಿಸುವುದನ್ನು ಬಿಡಲಿಲ್ಲ. "ಆಯಿ, ನಿನ್ನ ಗಾಡಿ ಬಂತು ನೋಡು, ಪರ್ಮನೆಂಟ್ ಗಾಡಿ." ಅವನು ಹಲ್ಲು ಕಚ್ಚಿ ಅಜ್ಜಿಯನ್ನು ಎಬ್ಬಿಸಿದ. ಗ್ಯಾಲರಿಯ ನಡುವೆ, ಸಂಡಾಸು ಇನ್ನೂ ಅಷ್ಟು ದೂರ ಇರುವಾಗ, ನಿಂತುಬಿಟ್ಟ.

"ನನ್ನ ಹೆಸರೇನು?"

"ಯಾಕೋ ಹಿರ್ಯಾ, ನಡಿಯಪ್ಪ."

"ಹಿರ್ಯಾ ಅಲ್ಲ. ಸಾಲ್ಯಾಗ ಇರೋ ಹೆಸರು ಹೇಳು. ಅಂದ್ರ ನಡೀತೀನಿ."

"ಹೇಳಬಾರದಪ್ಪ ಅದನ್ನ. ನಿನಗ ಗೊತ್ತಿಲ್ಲೇನು?"

"ಹಂಗಂದ್ರ ಇಲ್ಲೇ ನಿಂದ್ರು." ಅವನು ಹೆಗಲನ್ನು ಅರ್ಧ ಜಾರಿಸಿದ. ಅವಳ ಕೈ ಅವನ ಅಂಗಿಯನ್ನು ಹಿಡಿದುಕೊಂಡಿತು. ಮಳೆಯ ಎರಚಲು ಗ್ಯಾಲರಿಯೊಳಗೆ ಬೀಳುತ್ತಿತ್ತು. ನೀರಿನ ಸಪ್ಪಳ ಕೇಳಿದಷ್ಟೂ ಅವಳಿಗೆ ತಡೆಯುವುದು ಕಷ್ಟವಾಗುತ್ತಿತ್ತು.

"ಸಾಯಬಣ್ಣ," ಎಂದಳು.

"ಜೋರಾಗಿ."

"ಸಾಯಬಣ್ಣ."

ಅವನು ನಡೆದ. ತಿರುಗಿ ಬಂದವನೇ ಬಾಗಿಲಲ್ಲಿ ನಿಂತು, "ಆಯಿ ಅಜ್ಜನ ಹೆಸರು ತಗೊಂಡ್ಲು, ಎರಡ್ ಸಲ," ಎಂದು ಸಾರಿದ. ಚಂಪಾ ಬಿದ್ದು ಬಿದ್ದು ನಕ್ಕಳು. ದೇವಕ್ಕ, "ಸುಮ್ಕಿರ್ರಿ," ಎಂದಳಾದರೂ ಅವಳ ತುಟಿಯೂ ಬಿಗಿಯಾಗಿರಲಿಲ್ಲ. ಹನುಮವ್ವ ಮೂಲೆಯಲ್ಲಿ ಕೂತು ಸೆರಗಿನ ತುದಿಯಿಂದ ಬಾಯಿಯನ್ನು ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು. ಅಂದು ರೊಟ್ಟಿಯೂ ಬೇಡವೆಂದಳು.

ಶ್ರಾವಣ ಕಳೆದ ಮೇಲೆ ಒಂದು ಭಾನುವಾರ ಚಂದ್ರಾಮನ ಜೊತೆ ಕೆಲಸ ಮಾಡುವ ಅಂಗಾರ ಬಂದ. ಅವನು ಮಂಗಳೂರಿನ ಕಡೆಯವನು, ಶೆಡ್ಡಿನಲ್ಲಿ ವೆಲ್ಡಿಂಗ್ ಮಾಡುತ್ತಿದ್ದ. ಆಟದ ಸುದ್ದಿ ಕೇಳಿ ಕೇಳಿ ನೋಡಲೆಂದೇ ಬಂದಿದ್ದ.

"ಬಾ, ಕೂಡು, ಆಡು. ರೊಕ್ಕಿಲ್ಲ ರೂಪಾಯಿಲ್ಲ," ಎಂದು ಚಂದ್ರಾಮ ರಿಮೋಟನ್ನು ಅವನ ಕೈಗೆ ಕೊಟ್ಟ. ದೇವಕ್ಕ ಉಳ್ಳಾಗಡ್ಡಿ ಭಜಿ ಕರಿದಳು. ಖೋಲಿಯ ತುಂಬ ಎಣ್ಣೆಯ ವಾಸನೆ, ನಗು. ಅಂಗಾರನ ಕಪ್ಪೆಗಳು ಒಂದಾದ ಮೇಲೊಂದು ಮೋಟಾರಿನಡಿ ಸಿಕ್ಕವು.

"ಅಂಕಲ್ ಹಾರ್ ಗಯೇ," ಎಂದು ಸಾಯಬಣ್ಣ ಚಪ್ಪಾಳೆ ತಟ್ಟಿದ. "ಈಗ ಆಯೀನ್ನ ಅಂಕಲ್ ಕರಕೊಂಡು ಹೋಗಬೇಕು."

"ಎಲ್ಲಿಗೆ ಮಾರಾಯ?"

ಚಂಪಾ ನಗುತ್ತ ನೇಮವನ್ನು ವಿವರಿಸಿದಳು. ಅಂಗಾರ ಮೊದಲು ನಕ್ಕ. ಆಮೇಲೆ ಮೂಲೆಯಲ್ಲಿ ಕೂತಿದ್ದ ಮುದುಕಿಯ ಕಡೆ ನೋಡಿದ. ಅವಳು ಎಷ್ಟು ಹೊತ್ತಿನಿಂದ ಹಾಗೆ ಮೊಣಕಾಲು ಒತ್ತಿ ಹಿಡಿದಿದ್ದಾಳೆಂದು ಅವನಿಗೆ ಗೊತ್ತಿರಲಿಲ್ಲ. ಆದರೆ ಅವನ ನಗು ನಿಂತಿತು. ಭಜಿಯನ್ನು ತಟ್ಟೆಯಲ್ಲಿಟ್ಟು ಎದ್ದ.

"ಅದರಲ್ಲಿ ಎಂತ ಉಂಟು. ಬನ್ನಿ ಅಜ್ಜಿ, ನಾನು ಕರ್ಕೊಂಡು ಹೋಗ್ತೇನೆ."

ಚಂದ್ರಾಮನ ಮುಖ ಕೆಂಪಾಯಿತು. "ಏ ಕೂಡೋ ನೀ. ಹುಡುಗರು ಚ್ಯಾಷ್ಟಿ ಮಾಡ್ತಾರ."

"ಬ್ಯಾಡಪ್ಪ," ಎಂದಳು ಹನುಮವ್ವ. "ಪರಗಂಡಸಿನ ಹೆಗಲು ಹಿಡಕೊಂಡು ನಾ ಯಾವತ್ತೂ ನಡದಿಲ್ಲ." ಆಮೇಲೆ ಕೈ ಚಾಚಿದಳು. "ಅದನ್ನ ನನ್ನ ಕೈಯಾಗ ಕೊಡ್ರಿ. ನಾನೂ ಒಂದ್ ಆಟ ಆಡ್ತೀನಿ."

ಖೋಲಿಯಲ್ಲಿ ಮತ್ತೆ ನಗು ತುಂಬಿತು. ಚಂದ್ರಾಮನಿಗೂ ಅಂಗಾರನ ಮುಂದೆ ಮಾತು ಬೇರೆ ಕಡೆ ತಿರುಗಿದ್ದು ಹಗುರವೆನಿಸಿತು. "ಕೊಡೋ, ಕೊಡೋ. ಆಡಲಿ ನಮ್ಮವ್ವ."

ಸಾಯಬಣ್ಣ ರಿಮೋಟನ್ನು ಅವಳ ಮಡಿಲಲ್ಲಿಟ್ಟು ಬೆರಳನ್ನು ಗುಂಡಿಯ ಮೇಲೆ ಕೂಡಿಸಿದ. ಖಡಿಗೆ ಒಡೆದು ಒರಟಾದ ಹೆಬ್ಬೆರಳು, ಆ ಸಣ್ಣ ಗುಂಡಿ ಅದರಡಿ ಕಾಣಿಸಲೇ ಇಲ್ಲ. ಪರದೆಯ ಮೇಲೆ ರಸ್ತೆ ಬಂತು. ಮೋಟಾರುಗಳು ಹೊರಟವು. ಕಪ್ಪೆ ಅಂಚಿನಲ್ಲಿ ಕೂತಿತ್ತು.

"ಒತ್ತು ಆಯಿ."

"ತಡೀರಿ, ಗಾಡಿ ಹೋಗ್ಲಿ."

"ಗಾಡಿ ನಿಂದ್ರೂದಿಲ್ಲ. ನಡುವ ಜಿಗೀಬೇಕು."

"ಹೋಗ್ಲಿ ತಡೀರಿ. ಎಲ್ಲಾ ಹೋದ ಮ್ಯಾಲ ದಾಟ್ತೈತಿ."

ಊರಲ್ಲಿದ್ದಾಗ ಎತ್ತಿನ ಬಂಡಿ ಹೋಗುವವರೆಗೆ ಅವಳು ನಿಂತಿದ್ದಳು. ಮುಂಬಯಿಯಲ್ಲಿಯೂ ಬುಟ್ಟಿ ಹೊತ್ತುಕೊಂಡು, ಲಾರಿಗಳು ಮುಗಿಯಲಿ ಎಂದು ರಸ್ತೆಯ ಅಂಚಿನಲ್ಲಿ ಹೀಗೇ ನಿಂತಿದ್ದಳು. ಎಲ್ಲ ಕಡೆಯೂ ಎಂದಾದರೂ ಒಮ್ಮೆ ರಸ್ತೆ ಖಾಲಿಯಾಗುತ್ತಿತ್ತು. ಇಲ್ಲಿ ಮೋಟಾರುಗಳು ಒಂದು ಕಡೆ ಹೋಗಿ ಇನ್ನೊಂದು ಕಡೆಯಿಂದ ಬರುತ್ತಿದ್ದವು. ಪಕ್ಕದ ಪಟ್ಟಿ ಕರಗುತ್ತ ಬಂದು ಮುಗಿಯಿತು. ಕಪ್ಪೆ ಕೂತಲ್ಲಿಯೇ ತಿರುಗಿ ಬಿತ್ತು.

"ಗಾಡಿ ಬಡಿದಿಲ್ಲಲ್ಲ," ಎಂದಳು ಹನುಮವ್ವ.

"ಟೈಮ್ ಖತಮ್ ಆಯಿ. ದಾಟಲಿಲ್ಲಂದ್ರೂ ಸಾಯ್ತೈತಿ."

"ಕೂತ್ರೂ ಸಾಯ್ತೈತೇನು?"

"ಕೂತ್ರೂ ಸಾಯ್ತೈತಿ."

ಉಳಿದ ಕಪ್ಪೆಗಳೂ ಹಾಗೆಯೇ ಸತ್ತವು. ಒಂದೂ ದಾಟಲಿಲ್ಲ. ಚಂಪಾ ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದಳು. ಹನುಮವ್ವ ರಿಮೋಟನ್ನು ಕೆಳಗಿಟ್ಟಳು.

"ಸೋತವರು ಮುದುಕೀನ್ನ ಕರಕೊಂಡು ಹೋಗಬೇಕು, ಹೌದಿಲ್ಲೋ? ನಾ ಸೋತೀನಿ."

ಗೋಡೆಗೆ ಎರಡೂ ಅಂಗೈ ಊರಿ ಎದ್ದಳು. ಸೊಟ್ಟ ಕಾಲು ನೆಲಕ್ಕೆ ಹತ್ತಿದ ಕೂಡಲೆ ಅವಳ ದವಡೆ ಬಿಗಿಯಿತು. ಅಂಗಾರ ಮುಂದೆ ಬಂದ. ಚಂದ್ರಾಮ ಅವನ ತೋಳು ಹಿಡಿದು ಕೂಡಿಸಿದ. "ಇರಲಿ ಬಿಡೋ. ಆಟ ಅಂದ್ರ ಆಟ. ಬಾಗಿಲತನ ಹೋಗಿ ಕರೀತಾಳ."

ಅವಳು ಕರೆಯಲಿಲ್ಲ. ಗ್ಯಾಲರಿಯ ಗೋಡೆಗೆ ಸೀರೆ ಉಜ್ಜುವ ಸಪ್ಪಳ ಸ್ವಲ್ಪ ಹೊತ್ತು ಕೇಳಿಸಿತು. ಒಮ್ಮೆ ಏನೋ ದೊಪ್ಪೆಂದಿತು. ಅಂಗಾರ ಬಾಗಿಲ ಕಡೆ ನೋಡಿದ. ಸಾಯಬಣ್ಣ ಹೊಸ ಆಟ ಹಚ್ಚಿದ. ಟೀವಿಯ ಸದ್ದಿನಲ್ಲಿ ಮತ್ತೇನೂ ಕೇಳಿಸಲಿಲ್ಲ.

ಅವಳು ತಿರುಗಿ ಬಂದಾಗ ಅಂಗೈಗೆಲ್ಲ ಗೋಡೆಯ ಸುಣ್ಣ ಹತ್ತಿತ್ತು, ಮೊಣಕಾಲ ಹತ್ತಿರ ಸೀರೆ ಹರಿದು ರಕ್ತ ಜಿನುಗುತ್ತಿತ್ತು. ಅರ್ಧ ದಾರಿ ಕುಂಡಿಯ ಮೇಲೆ ತೆವಳಿದ್ದಳು. ಅಂಗಾರ ಆಗಲೇ ಹೋಗಿದ್ದ, ಭಜಿ ಪೂರಾ ತಿನ್ನದೆ.

ದೇವಕ್ಕ ಅತ್ತೆಯನ್ನು ಮೇಲಿಂದ ಕೆಳಗೆ ನೋಡಿದಳು. "ಹೋಗಿ ಬಂದ್ಲು ನೋಡ್ರಿ. ತಾನ ಹೋಗಿ ತಾನ ಬಂದ್ಲು. ಇಷ್ಟು ದಿನಾ ನಮ್ಮನ್ನೆಲ್ಲಾ ಕುಣಿಸಿದ್ಲು ಹಂಗಾರ."

"ಯವ್ವ, ಬರ್ತಿತ್ತಂದ್ರ ಮೊದ್ಲ ಹೇಳಬಾರದಾಗಿತ್ತೇನು?" ಎಂದ ಚಂದ್ರಾಮ. "ಹುಡುಗರು ಅಭ್ಯಾಸ ಬಿಟ್ಟು ನಿನ್ನ ಹಿಂದ ತಿರಗ್ಯಾಡಿದ್ರು."

"ಬರ್ತಿರಲಿಲ್ಲಪ್ಪ."

"ಈಗ ಹೆಂಗ ಬಂತು?"

ಹನುಮವ್ವ ಮೊಣಕಾಲಿನ ರಕ್ತವನ್ನು ಸೆರಗಿನಿಂದ ಒತ್ತಿ ಹಿಡಿದಳು.

ಮರುದಿನ ಬೆಳಿಗ್ಗೆ ಅವಳು ಕರೆದಾಗ ಯಾರೂ ರಿಮೋಟನ್ನು ಮುಟ್ಟಲಿಲ್ಲ. "ನಿನಗ ಬರ್ತೈತಲ್ಲ ಆಯಿ," ಎಂದ ಸಾಯಬಣ್ಣ ಸಾಲೆಯ ಚೀಲ ತುಂಬುತ್ತ. ಅವಳು ತೆವಳಿಕೊಂಡೇ ಹೋದಳು. ಅಂದಿನಿಂದ ದಿನವೂ ತೆವಳಿಕೊಂಡೇ ಹೋದಳು. ಚಾಳಿನವರು ಮೊದಲು ದಾರಿ ಬಿಟ್ಟು ನಿಂತು ನೋಡಿದರು, ಆಮೇಲೆ ನೋಡುವುದನ್ನು ಬಿಟ್ಟು ದಾಟಿಕೊಂಡು ಹೋದರು. ಹಾಸಿಗೆ ಒಂದು ದಿನವೂ ಹಸಿಯಾಗಲಿಲ್ಲ. ದೇವಕ್ಕ ಊರಿನ ಮಾತು ಎತ್ತಲಿಲ್ಲ. ಹನುಮವ್ವ ಒಂದು ಸಂಜೆ ತಾನಾಗಿ ಅರ್ಧ ಕಪ್ ಚಹಾ ಕೇಳಿ ಇಸಿದುಕೊಂಡು ಕುಡಿದಳು.

ಆದರೆ ಆ ಗ್ಯಾಲರಿಯ ನೆಲ ಮಳೆಗಾಲದಲ್ಲಿ ಎಲ್ಲರ ಚಪ್ಪಲಿಯ ನೆಲ. ಸಂಡಾಸಿನ ನೀರು ಅಲ್ಲಿಯವರೆಗೂ ಹರಿಯುತ್ತಿತ್ತು. ಅವಳ ಸೀರೆಗೆ, ಕೌದಿಗೆ ವಾಸನೆ ಹತ್ತಿತು. ತೊಳೆದರೆ ಒಣಗುತ್ತಿರಲಿಲ್ಲ. ರಾತ್ರಿ ಖೋಲಿಯ ನೆಲದ ಮೇಲೆ ಅವಳ ಪಕ್ಕಕ್ಕೆ ಮೊದಲಿನಿಂದಲೂ ಮಲಗುವವಳು ಚಂಪಾ. ಅವಳು ಮೂಗಿಗೆ ಓಢಣಿ ಕಟ್ಟಿಕೊಂಡು ಮಲಗತೊಡಗಿದಳು.

ಒಂದು ಸಂಜೆ ಮಕ್ಕಳು ಆಟ ಹಚ್ಚಿದರು. ಸ್ವಲ್ಪ ಹೊತ್ತಿಗೇ ಸಾಯಬಣ್ಣ ರಿಮೋಟನ್ನು ಒಗೆದ.

"ಮಜಾನ ಇಲ್ಲ. ಸೋತವರಿಗೆ ಏನೂ ಇಲ್ಲಂದ್ರ ಎಂತಾ ಆಟ?"

"ನೀರು ತರೂದು ಇಡೂಣು?"

"ನಳಾ ಮುಂಜಾನಿ ಬರೂದು. ಈಗಿಂದು ಏನರ ಬೇಕು." ಅವನು ಖೋಲಿಯನ್ನೆಲ್ಲ ಕಣ್ಣಾಡಿಸಿದ. ಕಣ್ಣು ಮೂಲೆಗೆ ಬಂದು ನಿಂತಿತು. "ಸೋತವರು ಆಯೀ ಬಾಜೂಕ ಮಲಗೂದು."

ಚಂಪಾಳ ಮುಖ ಅರಳಿತು. "ಡನ್. ಮಾತು ತಪ್ಪಬ್ಯಾಡ ಆಮ್ಯಾಲ."

"ಅಪ್ಪಾನೂ ಆಡ್ಲಿ. ಅಂದ್ರ ಮೂರು ಮಂದಿ ಆಗ್ತೀವಿ."

ಚಂದ್ರಾಮ ಬನಿಯನ್ನಿನ ಮೇಲೆ ಟಾವೆಲ್ ಹಾಕಿಕೊಂಡು ಕೂತಿದ್ದ. ತಾಯಿಯ ಕಡೆ ಒಮ್ಮೆ ನೋಡಿದ. ಒಲೆಯ ಹತ್ತಿರ ದೇವಕ್ಕ ರೊಟ್ಟಿ ಬಡಿಯುತ್ತಿದ್ದಳು, ಬಡಿಯುವುದು ನಿಲ್ಲಲಿಲ್ಲ. "ಒಂದ ಆಟ ಅಷ್ಟ," ಎಂದು ಅವನು ಮುಂದೆ ಸರಿದು ಕೂತ.

ಮೂವರೂ ಬೆನ್ನು ತಿರುಗಿಸಿದ್ದರು. ಹನುಮವ್ವ ಕೌದಿಯನ್ನು ಸುತ್ತಿದಳು. ತಲೆದಿಂಬನ್ನು ಅದರೊಳಗೆ ತುರುಕಿದಳು. ಸುರುಳಿಯನ್ನು ಮುಂದೆ ನೂಕುತ್ತ, ಅದರ ಹಿಂದೆ ತಾನು ಸರಿಯುತ್ತ, ಹೊಸ್ತಿಲಿಗೆ ಬಂದಳು. ಹೊಸ್ತಿಲು ದಾಟುವಾಗ ಕಾಲು ಎತ್ತಿಡಬೇಕಾಯಿತು. ದೇವಕ್ಕ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ ಅವಳನ್ನು ನೋಡಿದಳು. ನೋಡಿ, ಇನ್ನೊಂದು ಹಿಟ್ಟಿನ ಉಂಡೆ ಕೈಗೆ ತೆಗೆದುಕೊಂಡಳು. ಹೊರಗೆ, ಬಾಗಿಲ ಪಕ್ಕದ ಗೋಡೆಗೆ, ಎರಚಲು ಕಡಿಮೆ ಬೀಳುವ ಜಾಗದಲ್ಲಿ ಹನುಮವ್ವ ಕೌದಿಯನ್ನು ಬಿಚ್ಚಿ ಹಾಸಿದಳು.

ಒಳಗೆ ಆಟ ಮುಗಿಯಿತು. ಸೋತದ್ದು ಚಂಪಾ. "ಛೀ," ಎಂದು ಎದ್ದು ಮೂಲೆಯ ಕಡೆ ತಿರುಗಿದಳು. ಮೂಲೆ ಖಾಲಿಯಿತ್ತು. ಅಲ್ಲಿ ನೆಲದ ಮೇಲೆ ಕೌದಿಯ ಆಕಾರದ ಗುರುತು ಉಳಿದಿತ್ತು, ಅಷ್ಟೇ.

ಅವಳು ಬಾಗಿಲಾಚೆ ಇಣುಕಿ ನೋಡಿದಳು. ತಿರುಗಿ ಬಂದು ಟೀವಿಯ ಮುಂದೆ ಕೂತಳು.

"ಆಯಿ ಹೊರಗ ಹಾಸ್ಕೊಂಡಾಳ. ನಾ ಬಚಾವ್," ಎಂದಳು. "ಇದು ಲೆಕ್ಕಕ್ಕಿಲ್ಲ. ಇನ್ನೊಂದ್ ಹಚ್ಚು."